ಬಾಳೆನಾರಿಗೆ ಬಣ್ಣ ಹಾಕಿ ಉಳಿದ ನೀರನ್ನು ನಾರಿನಿಂದಲೇ ತಿಳಿಗೊಳಿಸಬಹುದೇ?

ಬಾಳೆಬುಟ್ಟಿ

ಎಲ್ಲರಿಗೂ ನಮಸ್ಕಾರ. ಕೊಡಗಿನ ಮಾದಾಪುರದ ಹತ್ತಿರ ನಮ್ಮದೊಂದು ಮಹಿಳಾ ಸ್ವಸಹಾಯ ಸಂಘ. ಬಾಳೆದಿಂಡಿನಿಂದ ನಾರು ತೆಗೆದು, ಬಣ್ಣ ಹಾಕಿ, ಬುಟ್ಟಿ, ಕೈಚೀಲ, ಚಾಪೆ ಹೆಣೆಯುತ್ತೇವೆ. ಬಳಸುವುದು ಪೇಟೆಯಲ್ಲಿ ಪೊಟ್ಟಣ ಕಟ್ಟಿ ಮಾರುವ ಚಾಪೆ ಬಣ್ಣ. ಗುಲಾಬಿ, ಹಸಿರು, ನೇರಳೆ ಮೂರೇ ಹೆಚ್ಚು ಓಡುತ್ತವೆ. ಕುದಿನೀರಿನಲ್ಲಿ ಬಣ್ಣ ಕರಗಿಸಿ, ಒಂದಿಷ್ಟು ವಿನೆಗರ್ ಹಾಕಿ, ನಾರು ಮುಳುಗಿಸಿ ತೆಗೆಯುತ್ತೇವೆ. ಆಮೇಲೆ ಹಂಡೆಯಲ್ಲಿ ಉಳಿಯುವ ನೀರೇ ತಲೆನೋವು.

ಮಳೆಗಾಲದಲ್ಲಿ ತೋಡು ತುಂಬಿ ಹರಿಯುವಾಗ ಯಾರ ಕಣ್ಣಿಗೂ ಬೀಳುವುದಿಲ್ಲ. ಬೇಸಿಗೆಯಲ್ಲಿ ತೋಡಿನ ನೀರು ಪಾದ ಮುಳುಗುವಷ್ಟಕ್ಕೆ ಇಳಿದಾಗ, ಕೆಳಗಿನ ಗದ್ದೆಯವರು ಗುಲಾಬಿ ನೀರು ಬರುತ್ತಿದೆ ಎಂದು ಜಗಳಕ್ಕೆ ಬಂದರು. ಅವರ ಮಾತಿನಲ್ಲಿ ನ್ಯಾಯವಿದೆ. ಸಸ್ಯದ ನಾರನ್ನು ಸಂಸ್ಕರಿಸಿ ಅದರಿಂದ ಬಣ್ಣದ ನೀರನ್ನು ತಿಳಿ ಮಾಡಬಹುದು ಎಂದು ಕೇಳಿದ್ದೇನೆ. ನಾರಿಗೆ ನಮ್ಮಲ್ಲಿ ಬರವಿಲ್ಲ. ತಿಳಿದವರು ದಾರಿ ಹೇಳಿ. ದಯವಿಟ್ಟು ಲಕ್ಷಗಟ್ಟಲೆ ಬೆಲೆಯ ಯಂತ್ರದ ಸುದ್ದಿ ಬೇಡ.

ಕಾಫಿಕಣ

ನಾರು ಯಾಕೆ, ಕಾಫಿ ಹೊಟ್ಟೇ ಸಾಕಲ್ಲವೇ? ಬ್ರೆಜಿಲ್‌ನವರು ಕಾಫಿ ಹೊಟ್ಟಿನಿಂದ ನೀರಿನ ನೀಲಿ ಬಣ್ಣ ತೆಗೆದಿದ್ದಾರೆ ಎಂದು ಓದಿದ್ದೇನೆ. ಕುಶಾಲನಗರದ ಕೂಡ್ಲೂರು ಕಡೆ ಕಾಫಿ ಬೀಜದ ಸಿಪ್ಪೆ ಬಿಡಿಸುವ ಕ್ಯೂರಿಂಗ್ ವರ್ಕ್ಸ್‌ಗಳಲ್ಲಿ ಹೊಟ್ಟು ರಾಶಿ ಬಿದ್ದಿರುತ್ತದೆ, ಬಾಯ್ಲರ್‌ಗೆ ಸುಡುತ್ತಾರೆ. ಜೊತೆಗೆ ನನ್ನದೂ ಒಂದು ಪ್ರಶ್ನೆ: ಪಲ್ಪಿಂಗ್ ಮಾಡಿದ, ಅಂದರೆ ಕಾಫಿ ಹಣ್ಣಿನ ಸಿಪ್ಪೆ ಸುಲಿದ, ಕಂದು ನೀರಿಗೂ ಇದೇ ಉಪಾಯ ನಡೆಯುತ್ತದೆಯೇ? ಡಿಸೆಂಬರ್ ಬಂದರೆ ನಮಗೂ ಕೆಳಗಿನ ಗದ್ದೆಯವರ ಕಾಟ ಇದ್ದದ್ದೇ.

ರಸಾಯನ ಮೇಷ್ಟ್ರು

ಬಾಳೆಬುಟ್ಟಿ ಅಕ್ಕ, ಆಗುತ್ತದೆ. ಆದರೆ ನಾರಿನ ಮಾತಿಗೆ ಮೊದಲು ಬಣ್ಣದ ಜಾತಿ ಯಾವುದೆಂದು ಗೊತ್ತಾಗಬೇಕು. ಎಲ್ಲವೂ ನಿಂತಿರುವುದು ಅದರ ಮೇಲೆ.

ಬಾಳೆನಾರಿನಲ್ಲಿ ಇರುವುದು ಮುಖ್ಯವಾಗಿ ಸೆಲ್ಯುಲೋಸ್, ಜೊತೆಗೆ ಹೆಮಿಸೆಲ್ಯುಲೋಸ್ ಮತ್ತು ಲಿಗ್ನಿನ್. ನೀರಿಗೆ ಬಿದ್ದ ನಾರಿನ ಮೈ ತುಸು ಋಣಾವೇಶ ತಳೆಯುತ್ತದೆ. ಸೆಣಬು, ತೆಂಗಿನ ನಾರು, ಚಾಪೆ ಹುಲ್ಲಿಗೆ ಹಾಕುವ ಅಗ್ಗದ ಗಾಢ ಬಣ್ಣಗಳು ಸಾಮಾನ್ಯವಾಗಿ ಬೇಸಿಕ್ ಬಣ್ಣಗಳು: ಮ್ಯಾಲಕೈಟ್ ಗ್ರೀನ್, ಮಿಥೈಲ್ ವಯೊಲೆಟ್, ಮೆಜೆಂಟಾ, ರೋಡಮಿನ್. ನೀರಿನಲ್ಲಿ ಕರಗಿದಾಗ ಇವುಗಳ ಕಣಗಳಿಗೆ ಧನಾವೇಶ. ಹಾಗಾಗಿ ನಾರು ಇವನ್ನು ತಾನಾಗಿಯೇ ಎಳೆದುಕೊಳ್ಳುತ್ತದೆ. ನಿಮ್ಮ ಬುಟ್ಟಿಗೆ ಬಣ್ಣ ಹಿಡಿಯುವುದಕ್ಕೂ ಕೊಳೆನೀರಿನಿಂದ ಬಣ್ಣ ತೆಗೆಯುವುದಕ್ಕೂ ಕಾರಣ ಒಂದೇ.

ಹತ್ತಿ ಬಟ್ಟೆಗೆ ಬಳಸುವ ರಿಯಾಕ್ಟಿವ್ ಬಣ್ಣವಾದರೆ ಕಥೆ ತಿರುಗಿತು. ಅದರ ಕಣಕ್ಕೂ ಋಣಾವೇಶ, ನಾರಿಗೂ ಋಣಾವೇಶ. ಎಷ್ಟು ನಾರು ಸುರಿದರೂ ನೀರು ಹಾಗೆಯೇ ಉಳಿಯುತ್ತದೆ. ಸಂಶೋಧಕರು ನಾರಿಗೆ ಕ್ವಾಟರ್ನರಿ ಅಮೋನಿಯಂ ಗುಂಪನ್ನು ಜೋಡಿಸಿ ಅದರ ಮೈಯನ್ನು ಧನಾವೇಶಕ್ಕೆ ತಿರುಗಿಸುತ್ತಾರೆ. ಆಗ ಅದು ರಿಯಾಕ್ಟಿವ್ ಬಣ್ಣವನ್ನೂ ಹಿಡಿಯುತ್ತದೆ. ಅದಕ್ಕೆ ಬೇಕಾದ ರಾಸಾಯನಿಕ ಅಂಗಳದಲ್ಲಿ ಕಲಸುವಂಥದ್ದಲ್ಲ, ಅದನ್ನು ಮರೆತುಬಿಡಿ.

ಪರೀಕ್ಷೆ ಸುಲಭ. ಚೆನ್ನಾಗಿ ತೊಳೆದ ತೆಂಗಿನ ನಾರು ಒಂದು ಹಿಡಿ ತೆಗೆದುಕೊಂಡು, ಗಾಜಿನ ಲೋಟದಲ್ಲಿ ತಣ್ಣಗಿನ ಬಣ್ಣದ ನೀರಿಗೆ ಹಾಕಿ. ಪಕ್ಕದಲ್ಲಿ ನಾರಿಲ್ಲದ ಇನ್ನೊಂದು ಲೋಟ ಇಡಿ. ಒಂದು ಗಂಟೆಯ ಬಳಿಕ ಎರಡರ ಹಿಂದೆಯೂ ಬಿಳಿ ಕಾಗದ ಹಿಡಿದು ನೋಡಿ. ನಾರಿನ ಲೋಟ ಎದ್ದು ಕಾಣುವಷ್ಟು ತೆಳುವಾಗಿದ್ದರೆ ಬೇಸಿಕ್ ಬಣ್ಣವೇ ಎಂದು ನಂಬಿ ಮುಂದುವರಿಯಬಹುದು.

ಕಾಫಿಕಣ ಅವರೇ, ನಿಮಗೆ ಬೇರೆಯಾಗಿ ಬರೆಯುತ್ತೇನೆ.

ಬೂದಿನೀರು

ಇಷ್ಟೆಲ್ಲ ರಾಮಾಯಣ ಯಾಕೆ? ನನ್ನ ಚಿಕ್ಕಮ್ಮ ಚಾಪೆ ಹೆಣೆಯುತ್ತಿದ್ದರು. ಹಸಿರು ಬಣ್ಣದ ನೀರಿಗೆ ಒಲೆಬೂದಿ ಹಾಕಿ ಕದಡಿ ರಾತ್ರಿ ಬಿಟ್ಟರೆ ಬೆಳಿಗ್ಗೆ ನೀರು ತಿಳಿ. ನಾನೇ ಕಣ್ಣಾರೆ ನೋಡಿದ್ದೇನೆ. ನಾರೂ ಬೇಡ, ಖರ್ಚೂ ಬೇಡ.

ಬಾಳೆಬುಟ್ಟಿ

ಮೇಷ್ಟ್ರೇ, ಪೊಟ್ಟಣದ ಮೇಲೆ ಬಣ್ಣದ ಹೆಸರು ಬಿಟ್ಟರೆ ಏನೂ ಇಲ್ಲ. ಲೋಟದ ಪರೀಕ್ಷೆ ಮಾಡಿದೆವು. ಹಸಿರು ಮತ್ತು ನೇರಳೆ ಚೆನ್ನಾಗಿ ಇಳಿದವು, ನಾರೇ ಬಣ್ಣದ ಹಗ್ಗದಂತಾಯಿತು. ಗುಲಾಬಿ ಇಳಿದದ್ದು ಅರೆಬರೆ. ಬೂದಿನೀರು ಅಣ್ಣ ಹೇಳಿದ್ದನ್ನೂ ಮಾಡಿದೆವು. ಹಸಿರು ನಿಜವಾಗಿಯೂ ಮಾಯವಾಯಿತು! ಗುಲಾಬಿ ಜಗ್ಗಲಿಲ್ಲ. ಹಾಗಾದರೆ ಹಸಿರಿಗೆ ಬೂದಿ ಸಾಕೇ?

ರಸಾಯನ ಮೇಷ್ಟ್ರು

ಸಾಲದು. ಆ ತಿಳಿ ನೀರನ್ನು ಸೋಸಿ ಒಂದು ಲೋಟಕ್ಕೆ ತೆಗೆದುಕೊಂಡು, ಹುಳಿಯಾಗುವಷ್ಟು ವಿನೆಗರ್ ಹಾಕಿ, ತುಸು ಹೊತ್ತು ಬಿಟ್ಟು ನೋಡಿ.

ಮ್ಯಾಲಕೈಟ್ ಗ್ರೀನ್, ಮಿಥೈಲ್ ವಯೊಲೆಟ್ ಮುಂತಾದವುಗಳಿಗೆ ಒಂದು ಗುಣವಿದೆ. ಕ್ಷಾರದ ನೀರಿನಲ್ಲಿ ಅವು ನಿಧಾನವಾಗಿ ಕಾರ್ಬಿನಾಲ್ ಎಂಬ ಬಣ್ಣವಿಲ್ಲದ ರೂಪಕ್ಕೆ ತಿರುಗುತ್ತವೆ. ಬೂದಿಯಲ್ಲಿ ಪೊಟ್ಯಾಸಿಯಂ ಕಾರ್ಬೊನೇಟ್ ಇರುತ್ತದೆ, ನೀರು ಕ್ಷಾರವಾಗುತ್ತದೆ, ಹಸಿರು ಕಾಣೆಯಾಗುತ್ತದೆ. ವಸ್ತು ಎಲ್ಲಿಗೂ ಹೋಗಿರುವುದಿಲ್ಲ. ತೋಡಿಗೆ ಸೇರಿ ಕ್ಷಾರ ಕಡಿಮೆಯಾದಾಗ ಅದು ಮತ್ತೆ ಬಣ್ಣದ ರೂಪಕ್ಕೆ ಮರಳಬಲ್ಲದು. ಮ್ಯಾಲಕೈಟ್ ಗ್ರೀನ್ ಹಿಂದೆ ಮೀನು ಸಾಕಣೆಯಲ್ಲಿ ಬೂಷ್ಟು ರೋಗಕ್ಕೆ ಬಳಕೆಯಲ್ಲಿತ್ತು. ಮೀನಿನ ಮೈಯೊಳಗೆ ಅದು ಇನ್ನೊಂದು ಬಣ್ಣವಿಲ್ಲದ ರೂಪ ತಾಳಿ ಬಹಳ ಕಾಲ ಉಳಿದುಕೊಳ್ಳುತ್ತದೆ. ತಿನ್ನುವ ಮೀನಿಗೆ ಅದನ್ನು ಬಳಸಬಾರದೆಂದು ಅನೇಕ ದೇಶಗಳು ನಿಷೇಧಿಸಿರುವುದು ಆ ಭಯದಿಂದ. ನಿಮ್ಮ ತೋಡು ಕೊನೆಗೆ ಸೇರುವುದು ಹಾರಂಗಿ ಜಲಾಶಯಕ್ಕೆ. ಅಲ್ಲಿ ಮೀನು ಹಿಡಿಯುವವರಿದ್ದಾರೆ.

ಬಾಳೆಬುಟ್ಟಿ

ವಿನೆಗರ್ ಹಾಕಿದೆವು. ಮೊದಲು ಏನೂ ಆಗಲಿಲ್ಲ. ಪಾತ್ರೆ ತೊಳೆದು ಬರುವಷ್ಟರಲ್ಲಿ ಲೋಟದಲ್ಲಿ ಹಸಿರು. ಸಂಘದವರೆಲ್ಲ ಸುತ್ತ ನಿಂತು ನೋಡಿದರು.

ಬೂದಿನೀರು

ಅಲ್ಲ ಮಾರಾಯರೇ, ಚಿಕ್ಕಮ್ಮ ಅಷ್ಟು ವರ್ಷ ಆ ನೀರನ್ನು ಬಾಳೆ ಬುಡಕ್ಕೆ ಹೊಯ್ದಿದ್ದಾರೆ. ಬಾಳೆ ಚೆನ್ನಾಗಿಯೇ ಗೊನೆ ಬಿಟ್ಟಿತ್ತು.

ಕೆಳದಂಡೆ

ಬಾಳೆ ಗೊನೆ ಬಿಡುವುದು ನೀರು ಶುದ್ಧವಾಗಿದೆ ಎಂಬುದಕ್ಕೆ ಸಾಕ್ಷಿಯಲ್ಲ. ನಾನು ಅಕ್ಕನವರ ಊರಿನವನಲ್ಲ, ಆದರೆ ಇಂಥ ಸಂಘವೊಂದರ ಕೆಳಗಿನ ಗದ್ದೆ ನನ್ನದೂ ಹೌದು. ನನ್ನ ಅನುಮಾನ ಬೇರೆ. ನೀರಿನ ಬಣ್ಣವನ್ನು ನಾರಿಗೆ ಹತ್ತಿಸುತ್ತೀರಿ, ಸರಿ. ಆ ನಾರನ್ನು ಏನು ಮಾಡುತ್ತೀರಿ? ತಿಪ್ಪೆಗೆ ಎಸೆದರೆ ಮೊದಲ ಮಳೆಗೆ ಮತ್ತೆ ನನ್ನ ಗದ್ದೆಗೇ ಬರುತ್ತದೆ. ಕೊಡಗಿನ ಜೂನ್ ಮಳೆ ಗೊತ್ತಲ್ಲ?

ಜವಳಿ ದುಡಿಮೆ

ತಿರುಪ್ಪೂರಿನ ಬಣ್ಣದ ಕಾರ್ಖಾನೆಯಲ್ಲಿ ದುಡಿದು ಈಗ ಊರು ಸೇರಿದ್ದೇನೆ, ಸಿದ್ದಾಪುರ ಕಡೆ. ಅಲ್ಲಿ ಎಲ್ಲವೂ ರಿಯಾಕ್ಟಿವ್ ಬಣ್ಣ. ಹತ್ತಿಗೆ ಬಣ್ಣ ಕೂರಲೆಂದು ಪ್ರತಿ ಲೀಟರ್‌ಗೆ ಹಿಡಿಗಟ್ಟಲೆ ಉಪ್ಪು ಸುರಿಯುತ್ತಾರೆ. ಎಷ್ಟೇ ಮಾಡಿದರೂ ಬಣ್ಣದ ಒಂದು ಪಾಲು ಬಟ್ಟೆಗೆ ಕೂರದೆ ನೀರಿನಲ್ಲೇ ಉಳಿಯುತ್ತದೆ. ನೊಯ್ಯಲ್ ನದಿ ಕೆಟ್ಟದ್ದು ಹಾಗೆ. ನೀರಾವರಿಗೆಂದು 1992ರಲ್ಲಿ ಕಟ್ಟಿದ ಒರತ್ತುಪಾಳಯಂ ಅಣೆಕಟ್ಟು ಬಣ್ಣದ ಕೊಳೆನೀರಿನ ತೊಟ್ಟಿಯಾಯಿತು. 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟ್ ಬಣ್ಣದ ಘಟಕಗಳನ್ನು ಮುಚ್ಚಿಸಿತು. ಒಂದು ಹನಿಯನ್ನೂ ಹೊರಬಿಡದೆ ಶುದ್ಧೀಕರಿಸಿ ಮರುಬಳಸಬೇಕೆಂಬ ಕಟ್ಟುಪಾಡಿನ ಮೇಲೆ ಆಮೇಲೆ ತೆರೆದುಕೊಂಡವು.

ಅಲ್ಲಿ ನಾರು, ಹೊಟ್ಟು ಏನನ್ನು ಹಾಕಿದರೂ ಉಪ್ಪು ಹೋಗುವುದಿಲ್ಲ. ಗದ್ದೆ ಕೆಡಿಸಿದ್ದು ಮುಖ್ಯವಾಗಿ ಆ ಉಪ್ಪೇ. ಅದಕ್ಕೇ ಉಪ್ಪು ಸೋಸುವ ಆರ್‌ಒ, ಆವಿ ಮಾಡುವ ಯಂತ್ರ ಎಲ್ಲ ಬೇಕಾಯಿತು. ಕಾವೇರಿ ಹುಟ್ಟುವ ತಲಕಾವೇರಿಯಲ್ಲಿ ಕೈಮುಗಿಯುತ್ತೇವೆ, ಕೆಳಗೆ ನೊಯ್ಯಲ್ ಬಂದು ಅದೇ ಕಾವೇರಿಗೆ ಸೇರುತ್ತದೆ, ಅದು ಯಾರಿಗೂ ನೆನಪಾಗುವುದಿಲ್ಲ. ಅಕ್ಕ, ನೀವು ಉಪ್ಪು ಬಳಸುವುದಿಲ್ಲ ತಾನೇ?

ಬಾಳೆಬುಟ್ಟಿ

ಉಪ್ಪು ಇಲ್ಲಣ್ಣ. ವಿನೆಗರ್ ಮಾತ್ರ.

ರಸಾಯನ ಮೇಷ್ಟ್ರು

ಹಾಗಿದ್ದರೆ ಅಕ್ಕನವರ ಕೆಲಸ ತಿರುಪ್ಪೂರಿನವರದಕ್ಕಿಂತ ಎಷ್ಟೋ ಹಗುರ. ಈಗ ಕೇಳಿದ್ದಕ್ಕೆ ಬರುತ್ತೇನೆ, ಸ್ವಲ್ಪ ಉದ್ದವಾಗುತ್ತದೆ.

ಮೊದಲು ಲೆಕ್ಕ. ಒಂದು ಡ್ರಮ್ಮಿನಲ್ಲಿ 200 ಲೀಟರ್ ಕೊಳೆನೀರು, ಲೀಟರಿಗೆ 40 ಮಿಲಿಗ್ರಾಂ ಬಣ್ಣ ಎಂದುಕೊಳ್ಳಿ. ಒಟ್ಟು 8 ಗ್ರಾಂ ಬಣ್ಣ. ಒಂದು ಗ್ರಾಂ ನಾರು 50 ಮಿಲಿಗ್ರಾಂ ಹಿಡಿಯುತ್ತದೆ ಎಂದಿಟ್ಟುಕೊಂಡರೆ 160 ಗ್ರಾಂ ನಾರು ಸಾಕು ಎಂದು ಕಾಗದದ ಮೇಲೆ ಬರುತ್ತದೆ. ಆದರೆ ಪ್ರಯೋಗಾಲಯದ ಅಂಕಿಗಳು ಬಣ್ಣ ಗಾಢವಾಗಿರುವ ನೀರಿನಲ್ಲಿ ನಾರು ತುಂಬಿ ತುಳುಕುವಾಗ ಸಿಕ್ಕವು. ಕಾಫಿಕಣ ಅವರು ಹೇಳಿದ ಬ್ರೆಜಿಲ್‌ನ ಕೆಲಸದಲ್ಲಿ ಸಂಸ್ಕರಿಸದ ಕಾಫಿ ಹೊಟ್ಟು ಗ್ರಾಂಗೆ ಸುಮಾರು 90 ಮಿಲಿಗ್ರಾಂ ಮೆಥಿಲೀನ್ ಬ್ಲೂ ಹಿಡಿಯಿತು, ಅದೂ ಈ ಬಗೆಯ ಗರಿಷ್ಠ ಅಂಕಿಯೇ. ನೀರು ತಿಳಿಯಾಗುತ್ತ ಬಂದಂತೆ ಹಿಡಿಯುವ ಪ್ರಮಾಣ ಇಳಿಯುತ್ತದೆ. ವಿಜ್ಞಾನಿ ಲ್ಯಾಂಗ್‌ಮ್ಯೂರ್ 1918ರಲ್ಲಿ ಕೊಟ್ಟ ಸಮೀಕರಣ ಹೇಳುವುದು ಇದನ್ನೇ. ಹಾಗಾಗಿ ಅರ್ಧ ಕಿಲೋಗಿಂತ ಕಡಿಮೆ ಇಟ್ಟುಕೊಳ್ಳಬೇಡಿ, ಅದನ್ನೂ ಎರಡು ಡ್ರಮ್ಮಿಗೆ ಹಂಚಿ. ಮೊದಲ ಡ್ರಮ್ಮಿನಲ್ಲಿ ಆಗಲೇ ಬಳಸಿದ ನಾರು, ಎರಡನೆಯದರಲ್ಲಿ ಹೊಸ ನಾರು. ಗಾಢ ನೀರು ಹಳೆಯ ನಾರಿನ ಮೇಲೆ ಹಾದು, ತೆಳುವಾದ ಮೇಲೆ ಹೊಸದಕ್ಕೆ ಬರಲಿ. ಹಳೆಯದು ಪೂರ್ತಿ ಬಣ್ಣ ತಿಂದ ಮೇಲೆ ಅದನ್ನು ತೆಗೆದು, ಎರಡನೆಯದನ್ನು ಮೊದಲಿಗೆ ತನ್ನಿ.

ಇನ್ನು ಸಂಸ್ಕರಣೆ. ಬರೀ ನಾರು ಹಾಕಿದರೆ ಮೊದಲು ಅದರದೇ ಕಂದು ರಸ ಬಿಡುತ್ತದೆ. ಅಡಿಕೆ ಸಿಪ್ಪೆ, ಕಾಫಿ ಚೆರ್ರಿಯ ಹೊಟ್ಟು ಇದರಲ್ಲಿ ಬಲು ಕೆಟ್ಟವು, ಟ್ಯಾನಿನ್ ಇರುತ್ತದೆ. ಬಿಸಿನೀರಿನಲ್ಲಿ ಕುದಿಸಿ, ನೀರಿಗೆ ಬಣ್ಣ ಬಿಡುವುದು ನಿಲ್ಲುವವರೆಗೂ ತೊಳೆಯುವುದು ಕನಿಷ್ಠ ಕೆಲಸ. ಅದರ ಮೇಲೆ ಎರಡು ದಾರಿಗಳಿವೆ.

ಒಂದು ಕಾಸ್ಟಿಕ್ ಸೋಡಾ. ನೂರು ಲೀಟರ್ ನೀರಿಗೆ ನಾಲ್ಕೈದು ಕಿಲೋ ಲೆಕ್ಕದಲ್ಲಿ ದ್ರಾವಣ ಮಾಡಿ ನಾರನ್ನು ಕೆಲವು ಗಂಟೆ ನೆನೆಸಿದರೆ, ಮೇಣ, ಹೆಮಿಸೆಲ್ಯುಲೋಸ್, ಲಿಗ್ನಿನ್‌ನ ಒಂದು ಪಾಲು ಬಿಟ್ಟು ನಾರಿನ ಮೈ ತೆರೆದುಕೊಳ್ಳುತ್ತದೆ. ಜಾನ್ ಮರ್ಸರ್ ಎಂಬಾತ ಹತ್ತಿಗೆ ಕಾಸ್ಟಿಕ್ ಹಾಕುವ ವಿಧಾನಕ್ಕೆ 1850ರಲ್ಲೇ ಪೇಟೆಂಟ್ ಪಡೆದಿದ್ದ, ಹೊಸ ವಿದ್ಯೆಯೇನಲ್ಲ. ಆದರೆ ಸಂಘದ ಅಂಗಳದಲ್ಲಿ ಮಕ್ಕಳು ಓಡಾಡುತ್ತಾರೆ ಎಂಬುದು ನನಗೆ ಗೊತ್ತು. ಕಾಸ್ಟಿಕ್ ಚರ್ಮ, ಕಣ್ಣು ಎರಡನ್ನೂ ತಿನ್ನುತ್ತದೆ. ಕೈಗವಸು, ಕನ್ನಡಕ ಇಲ್ಲದೆ ಮುಟ್ಟಕೂಡದು. ಸೋಡಾವನ್ನು ನೀರಿಗೆ ಹಾಕಬೇಕೇ ಹೊರತು ನೀರನ್ನು ಸೋಡಾಕ್ಕಲ್ಲ. ಅಲ್ಯೂಮಿನಿಯಂ ಪಾತ್ರೆಯಂತೂ ಬೇಡವೇ ಬೇಡ, ಅದು ಕರಗಿ ಹೈಡ್ರೋಜನ್ ಅನಿಲ ಬಿಡುತ್ತದೆ. ಚಹಾದ ಬಣ್ಣಕ್ಕೆ ತಿರುಗಿದ ಆ ಕಾಸ್ಟಿಕ್ ನೀರು ತೋಡಿಗೆ ಹೋದರೆ ಬಣ್ಣದ ನೀರಿಗಿಂತ ದೊಡ್ಡ ಅನಾಹುತ.

ಎರಡನೆಯದು ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಮ್ಲ. ತೊಳೆದ ನಾರನ್ನು ಅದರ ದ್ರಾವಣದಲ್ಲಿ ನೆನೆಸಿ, 50-60 ಡಿಗ್ರಿಯಲ್ಲಿ ಒಣಗಿಸಿ, ಆಮೇಲೆ 120 ಡಿಗ್ರಿಯಲ್ಲಿ ಒಂದೂವರೆ ಗಂಟೆ ಬಿಸಿ ಮಾಡುತ್ತಾರೆ. ಆ ಬಿಸಿಗೆ ಆಮ್ಲ ನಾರಿನ ಸೆಲ್ಯುಲೋಸ್‌ಗೆ ಕಚ್ಚಿಕೊಂಡು, ಕಾರ್ಬಾಕ್ಸಿಲ್ ಗುಂಪುಗಳು ಮೇಲೆ ಉಳಿಯುತ್ತವೆ. ನೀರಿನಲ್ಲಿ ಋಣಾವೇಶ ಹೆಚ್ಚುತ್ತದೆ, ಬೇಸಿಕ್ ಬಣ್ಣದ ಹಿಡಿತವೂ ಹೆಚ್ಚುತ್ತದೆ. ಬೇಕರಿಯವರ ಓವನ್ ಇದ್ದರೆ ಸಾಧ್ಯ. ಒಲೆಯ ಮೇಲಿನ ಅಟ್ಟದಲ್ಲಿ ಆ ಬಿಸಿ ಬರುವುದಿಲ್ಲ. ನನ್ನ ಕೈಯಲ್ಲಿದ್ದರೆ ಇದನ್ನೇ ಆರಿಸುತ್ತೇನೆ.

ಕಾಫಿಕಣ

ಮೇಷ್ಟ್ರೇ, ನನ್ನ ಪಲ್ಪಿಂಗ್ ನೀರು?

ರಸಾಯನ ಮೇಷ್ಟ್ರು

ಅದಕ್ಕೆ ಇದು ಮದ್ದಲ್ಲ. ಪಲ್ಪಿಂಗ್ ನೀರಿನ ಕಂದು ಬಣ್ಣ ಹಣ್ಣಿನ ಸಿಪ್ಪೆಯ ಪಾಲಿಫಿನಾಲ್‌ಗಳದ್ದು, ಆದರೆ ತೊಂದರೆ ಬಣ್ಣದಿಂದಲ್ಲ. ಅದರಲ್ಲಿ ಸಕ್ಕರೆ, ಪೆಕ್ಟಿನ್ ಇರುತ್ತವೆ, ಹುಳಿಯುತ್ತವೆ, ಅದನ್ನು ತಿನ್ನುವ ಸೂಕ್ಷ್ಮಜೀವಿಗಳು ಹೊಳೆಯ ಆಮ್ಲಜನಕವನ್ನೆಲ್ಲ ಮುಗಿಸುತ್ತವೆ. ಮೀನು ಸಾಯುವುದು ಹಾಗೆ. ಹೊಳೆ ಇಳಿಯುವ ತಿಂಗಳುಗಳಲ್ಲೇ ಪಲ್ಪಿಂಗ್ ಬರುವುದರಿಂದ ಪೆಟ್ಟು ಇನ್ನೂ ಜೋರು. ಹೊಟ್ಟು ಹಾಕಿದರೆ ಕೊಳೆಯುವ ಸರಕು ಇನ್ನಷ್ಟು ಸೇರಿತು, ಅಷ್ಟೇ. ನೀರು ಕಡಿಮೆ ಬಳಸುವ ಪಲ್ಪರ್, ಸುಣ್ಣ ಹಾಕಿ ಹುಳಿ ಇಳಿಸುವ ತೊಟ್ಟಿ, ಗಾಳಿಯಾಡದ ಹೊಂಡ, ಆಮೇಲೆ ಗಾಳಿಯಾಡುವ ಹೊಂಡ: ನಿಮ್ಮ ದಾರಿ ಅದು.

ಆದರೆ ಅಕ್ಕನವರಿಗೆ ಹೊಟ್ಟು ಕೊಡುವುದಾದರೆ ಚೆರ್ರಿ ಹೊಟ್ಟು ಬೇಡ. ಬೀಜಕ್ಕೆ ಅಂಟಿದ ಪಾರ್ಚ್‌ಮೆಂಟ್ ಸಿಪ್ಪೆ ಕೊಡಿ. ಅದು ಒಣ ಹಾಳೆಯಂತಿದ್ದು, ಕಂದು ರಸ ತೀರ ಕಡಿಮೆ ಬಿಡುತ್ತದೆ.

ಕಾಫಿಕಣ

ಎರಡು ಮೂಟೆ ಪಾರ್ಚ್‌ಮೆಂಟ್ ಸಿಪ್ಪೆ ಮಾದಾಪುರಕ್ಕೆ ಕಳಿಸಬಲ್ಲೆ. ಜೀಪ್ ವಾರಕ್ಕೊಮ್ಮೆ ಆ ಕಡೆ ಬರುತ್ತದೆ. ಬಾಡಿಗೆ ಬೇಡ, ಬುಟ್ಟಿಯೊಂದನ್ನು ಕೊಡಿ.

ಬಾಳೆಬುಟ್ಟಿ

ಕಳಿಸಿ ಅಣ್ಣ, ಬುಟ್ಟಿ ನಿಮ್ಮದು. ಮೇಷ್ಟ್ರೇ, ಗುಲಾಬಿ ಮಾತ್ರ ಯಾಕೆ ಹಟ ಹಿಡಿದಿದೆ?

ರಸಾಯನ ಮೇಷ್ಟ್ರು

ಗುಲಾಬಿ ನೀರನ್ನು ಬಿಸಿಲಿಗೆ ಹಿಡಿದಾಗ ಅಂಚಿನಲ್ಲಿ ಕಿತ್ತಳೆಯಂಥ ಹೊಳಪು ಕಾಣುತ್ತದೆಯೇ? ಕಂಡರೆ ಅದು ರೋಡಮಿನ್ ಬಿ ಇರಬಹುದು. ಗೋಬಿ ಮಂಚೂರಿ, ಬೊಂಬಾಯಿ ಮಿಠಾಯಿಗೆ ಹಾಕುತ್ತಾರೆಂದು 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ನಿಷೇಧಿಸಿತಲ್ಲ, ಅದೇ. ಅದರ ಕಣಕ್ಕೆ ಧನಾವೇಶದ ಜೊತೆ ಒಂದು ಆಮ್ಲದ ಗುಂಪೂ ಇದೆ. ನೀರಿನ ಹುಳಿ ಇಳಿದಾಗ ಆ ಗುಂಪು ಋಣಾವೇಶ ತಳೆದು ನಾರಿನಿಂದ ದೂರ ತಳ್ಳಿಸಿಕೊಳ್ಳುತ್ತದೆ. ಹಸಿರಿಗೂ ನೇರಳೆಗೂ ಇದರ ತದ್ವಿರುದ್ಧ. ನಿಮ್ಮ ವಿನೆಗರ್ ನೀರು ಹುಳಿಯಾಗಿರುವಾಗ ಹೈಡ್ರೋಜನ್ ಅಯಾನುಗಳೇ ನಾರಿನ ಜಾಗ ಹಿಡಿದು ಕೂತಿರುತ್ತವೆ. ಆ ಎರಡಕ್ಕೆ ವಾಷಿಂಗ್ ಸೋಡಾ ಚಿಟಿಕೆ ಚಿಟಿಕೆಯಾಗಿ ಹಾಕಿ ಪಿಎಚ್ ಕಾಗದ 6ರ ಹತ್ತಿರ ಬರುವವರೆಗೆ ಹುಳಿ ಇಳಿಸಿ, ಅದಕ್ಕಿಂತ ಮೇಲೆ ಹೋಗಬೇಡಿ, ಬಣ್ಣ ಅಡಗಿಕೊಳ್ಳುವ ಆಟ ಶುರುವಾಗುತ್ತದೆ. ಗುಲಾಬಿಗೆ ಸೋಡಾ ಹಾಕಲೇಬೇಡಿ. ಮೂರು ಬಣ್ಣದ ನೀರನ್ನೂ ಒಂದೇ ಡ್ರಮ್ಮಿಗೆ ಸುರಿಯುತ್ತಿದ್ದರೆ ಇಂದೇ ನಿಲ್ಲಿಸಿ. ಸೋಪಿನ ನೀರೂ ಅದರಲ್ಲಿ ಸೇರದಿರಲಿ, ಅದು ಬಣ್ಣದ ಕಣಗಳನ್ನು ತಾನೇ ಹಿಡಿದಿಟ್ಟುಕೊಳ್ಳುತ್ತದೆ.

ಜವಳಿ ದುಡಿಮೆ

ಇಷ್ಟು ಓದಿದ ಮೇಲೆ ನನಗೊಂದು ಹೊಳೆಯಿತು. ಕಾರ್ಖಾನೆಯಲ್ಲಿ ನಮಗೆ ಮೊದಲು ಕಲಿಸುತ್ತಿದ್ದದ್ದು, ತೊಟ್ಟಿಯ ಬಣ್ಣವನ್ನು ತೊಟ್ಟಿಯಲ್ಲೇ ಮುಗಿಸಿ ಎಂದು. ಅಕ್ಕ, ನೀವು ನಾಳೆ ಬಣ್ಣ ಹಾಕಬೇಕಾದ ಹೊಸ ಬಾಳೆನಾರು ಇದೆಯಲ್ಲ, ಅದನ್ನೇ ಇಂದಿನ ಉಳಿಕೆ ನೀರಿನಲ್ಲಿ ರಾತ್ರಿ ಮುಳುಗಿಸಿಡಿ. ಉಳಿದ ಹಸಿರನ್ನು ಅದು ಕುಡಿದು ತೆಳು ಹಸಿರಾಗುತ್ತದೆ. ನಾಳೆ ಅದೇ ನಾರನ್ನು ಗಾಢ ಹಸಿರಿಗೆ ಹಾಕಿ, ಪುಡಿಯೂ ಕಡಿಮೆ ಸಾಕು. ತೆಳು ಹಸಿರು ಬುಟ್ಟಿ ಬೇಕೆನ್ನುವವರು ಇದ್ದರೆ ಹಾಗೆಯೇ ಹೆಣೆಯಿರಿ. ಎಸೆಯಬೇಕಾದ ಸೋಸುವ ನಾರಿನ ಪ್ರಮಾಣವೂ ಇಳಿಯುತ್ತದೆ, ಕೆಳದಂಡೆಯವರ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಿತು.

ರಸಾಯನ ಮೇಷ್ಟ್ರು

ನಾನು ಇಷ್ಟುದ್ದ ಬರೆದದ್ದಕ್ಕಿಂತ ಇದು ಮೇಲು. ಮೊದಲು ಇದನ್ನು ಮಾಡಿ, ಆಮೇಲೂ ಉಳಿದ ಬಣ್ಣಕ್ಕೆ ಮಾತ್ರ ಡ್ರಮ್ಮು.

ಕೆಳದಂಡೆ

ಇನ್ನರ್ಧ ಉತ್ತರ?

ರಸಾಯನ ಮೇಷ್ಟ್ರು

ಬಣ್ಣ ತಿಂದ ನಾರು, ಸಿಪ್ಪೆ ಗೊಬ್ಬರದ ಗುಂಡಿಗೆ ಬೇಡ, ಕಾಳುಮೆಣಸಿನ ಬುಡಕ್ಕೆ ಬೇಡ, ದನದ ಕೊಟ್ಟಿಗೆಗೆ ಹಾಸಲು ಬೇಡ. ಅಡುಗೆ ಒಲೆಗೆ ಹಾಕಿದರೆ ಹೊಗೆ ಮನೆಯೊಳಗೇ. ಹುಳಿ ನೀರಿನಲ್ಲಿ ತೊಳೆದರೆ ಒಂದಷ್ಟು ಬಣ್ಣ ಬಿಟ್ಟುಕೊಟ್ಟು ನಾರು ಮತ್ತೆ ಬಳಕೆಗೆ ಬರುತ್ತದೆ, ಆದರೆ ಆ ಹುಳಿ ನೀರು ಮತ್ತೆ ಬಣ್ಣದ ನೀರೇ. ಅದನ್ನು ಮುಂದಿನ ಬಣ್ಣದ ಹಂಡೆಗೆ ಹಾಕಿಕೊಳ್ಳಬಹುದು, ಹೇಗೂ ನೀವು ವಿನೆಗರ್ ಹಾಕುತ್ತೀರಿ. ಕೊನೆಗೆ ಉಳಿದದ್ದನ್ನು ಮಳೆ ತಾಗದ ಮಾಡಿನ ಕೆಳಗೆ ಒಣಗಿಸಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಿ. ಪ್ರಮಾಣ ಸಣ್ಣದು, ವರ್ಷಕ್ಕೆ ಕೆಲವು ಮೂಟೆ. ಅದನ್ನು ಎಲ್ಲಿಗೆ ಒಪ್ಪಿಸಬೇಕೆಂದು ಮಾಲಿನ್ಯ ನಿಯಂತ್ರಣ ಮಂಡಳಿಯ ಕಚೇರಿಯಲ್ಲಿ ಲಿಖಿತವಾಗಿ ಕೇಳಿ, ಉತ್ತರವನ್ನು ಸಂಘದ ಕಡತದಲ್ಲಿಡಿ. ಜಗಳ ಬಂದಾಗ ಕಾಗದವೇ ಮಾತಾಡುವುದು.

ತಿಳಿಯಾದ ನೀರನ್ನೂ ಕುಡಿಯುವುದಕ್ಕಾಗಲಿ ದನಕ್ಕಾಗಲಿ ಬಳಸಬೇಡಿ. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಬಣ್ಣದ ಮಿತಿ 5 ಹೇಜನ್ (ನೀರಿನ ಬಣ್ಣ ಅಳೆಯುವ ಮಾನ), ಅದು ಪಾಲಿಸಬೇಕಾದ ಹತ್ತಾರು ಅಂಶಗಳಲ್ಲಿ ಒಂದು ಮಾತ್ರ. ನಾರು ತೊಳೆಯಲು, ಮುಂದಿನ ಹಂಡೆಗೆ ಬಳಸಿ.

ಬೂದಿನೀರು

ಹಾಗಾದರೆ ಗಣೇಶನ ವಿಸರ್ಜನೆಯ ಕೆರೆಗೂ ನಾರಿನ ಮೂಟೆ ಇಳಿಬಿಡಬಹುದೇ?

ಜವಳಿ ದುಡಿಮೆ

ಅದು ಹೆಚ್ಚಾಗಿ ಪೇಂಟ್ ಅಣ್ಣ, ನೀರಿನಲ್ಲಿ ಕರಗದ ಪುಡಿ. ತಳಕ್ಕೆ ಇಳಿಯುತ್ತದೆ. ಬಣ್ಣ ಬಳಿಯದ ಮಣ್ಣಿನ ಗಣಪತಿಯನ್ನು ಕೂರಿಸಿ, ಕೆರೆಯೂ ಉಳಿಯುತ್ತದೆ.

ಬಾಳೆಬುಟ್ಟಿ

ಸಂಘದ ಸಭೆಯಲ್ಲಿ ಎಲ್ಲವನ್ನೂ ಓದಿ ಹೇಳಿದೆ. ಮೂರು ಬಣ್ಣಕ್ಕೆ ಮೂರು ಡ್ರಮ್ಮು, ರಾತ್ರಿ ಹೊಸ ನಾರು ಮುಳುಗಿಸಿಡುವುದು, ಇವೆರಡೂ ಈ ವಾರದಿಂದಲೇ ಎಂದು ತೀರ್ಮಾನವಾಯಿತು. ಗುಲಾಬಿಯಲ್ಲಿ ಕಿತ್ತಳೆ ಹೊಳಪು ಕಂಡಿತು. ಆ ಪೊಟ್ಟಣ ಬಿಟ್ಟು ಬೇರೆ ಕೆಂಪು ಹುಡುಕೋಣ ಎಂದು ನಾನು, ಗುಲಾಬಿ ಇಲ್ಲದಿದ್ದರೆ ಗಿರಾಕಿ ಬರುವುದಿಲ್ಲ ಎಂದು ಉಳಿದವರು. ಅದಿನ್ನೂ ಬಗೆಹರಿದಿಲ್ಲ. ಓವನ್ ಕೊಡಲು ಸೋಮವಾರಪೇಟೆಯ ಬೇಕರಿಯವರೊಬ್ಬರು ಒಪ್ಪಿದ್ದಾರೆ, ಬಣ್ಣದ ನಾರು ಒಳಗೆ ಬರಕೂಡದೆಂಬ ಷರತ್ತಿನ ಮೇಲೆ. ಮೇಷ್ಟ್ರೇ, ಎಷ್ಟು ಬಣ್ಣ ಹೋಯಿತೆಂದು ಅಳೆಯುವುದು ಹೇಗೆ? ಕೆಳಗಿನ ಗದ್ದೆಯವರಿಗೆ ಅಂಕಿ ತೋರಿಸಬೇಕು.

ರಸಾಯನ ಮೇಷ್ಟ್ರು

ಮನೆಯಲ್ಲಾದರೆ ಮೊದಲಿನ ನೀರಿಗೆ ಸಮಪಾಲು ನೀರು ಬೆರೆಸಿ ಅರ್ಧ ಮಾಡಿ, ಅದನ್ನೂ ಅರ್ಧ, ಮತ್ತೆ ಅರ್ಧ, ಹೀಗೆ ಒಂದೇ ಅಳತೆಯ ಲೋಟಗಳಲ್ಲಿ ಸಾಲಾಗಿಟ್ಟು, ತಿಳಿಯಾದ ನೀರು ಯಾವುದಕ್ಕೆ ಹೊಂದುತ್ತದೆ ನೋಡಿ. ಐದನೇ ಬಾರಿ ಅರ್ಧ ಮಾಡಿದ್ದಕ್ಕೆ ಹೊಂದಿದರೆ 32ರಲ್ಲಿ ಒಂದು ಪಾಲು ಮಾತ್ರ ಉಳಿದಿದೆ ಎಂದರ್ಥ. ಹೋಲಿಸುವ ಮೊದಲು ಎಲ್ಲ ಲೋಟಗಳಿಗೂ ಕೆಲವು ಹನಿ ವಿನೆಗರ್ ಹಾಕಿ, ಅಡಗಿದ ಬಣ್ಣ ಹೊರಬರಲಿ.

ಅಂಕಿಯೇ ಬೇಕೆಂದರೆ ಸಂಸ್ಕರಿಸುವ ಮೊದಲಿನ ಒಂದು ಬಾಟಲಿ, ಆಮೇಲಿನ ಒಂದು ಬಾಟಲಿ, ಮೂರು ಬಣ್ಣದ್ದೂ ತುಂಬಿ, ಹೆಸರು ಬರೆದು, ಬೆಳಕು ತಾಗದಂತೆ ಕಾಗದ ಸುತ್ತಿ ಕಳಿಸಿ. ನಮ್ಮ ಕಾಲೇಜಿನಲ್ಲಿ ಕಲರಿಮೀಟರ್ ಇದೆ. ಕೈಲು ಮುಹೂರ್ತದ ರಜೆ ಮುಗಿದ ಮೇಲೆ ಕಳಿಸಿ, ಅಲ್ಲಿಯವರೆಗೆ ಲ್ಯಾಬಿಗೆ ಬೀಗ.